ಸುಟ್ಟ ಇಳಿಜಾರಿನ ಜಿಂಕೆ

ಲಂಡನ್ನಿನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿದ ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಕೆಂಟನ್ನಿನ ನಮ್ಮ ಹೋಟೆಲಿನ ಹಿಂಬಾಗಿಲು ತೆಗೆದು ಹೊರಗೆ ನಿಂತಿದ್ದೆ. ಒಳಗೆ ದೋಸೆ ಕಾವಲಿಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಹೊರಗೂ ಗಾಳಿ ಇರಲಿಲ್ಲ. ಸ್ಟ್ಯಾನ್ಮೋರ್ ಕಡೆಯ ಗುಡ್ಡದ ಮೇಲೆ ಹೊಗೆ ಎದ್ದಿತ್ತು. ಮೊದಲು ಬಿಳಿ ಇತ್ತು, ನೋಡುತ್ತಿದ್ದ ಹಾಗೆ ಕಪ್ಪಾಯಿತು. ಹುಲ್ಲು, ಪೊದೆ, ಬರ್ಚ್ ಮರಗಳಿದ್ದ ಒಂದು ಇಡೀ ಇಳಿಜಾರು ಎರಡು ದಿನ ಉರಿಯಿತು ಎಂದು ಆಮೇಲೆ ಗಿರಾಕಿಗಳು ಹೇಳಿದರು. ನಾನು ನೋಡಲು ಹೋಗಲಿಲ್ಲ. ಅಡಿಗೆಯವನಿಗೆ ಬೆಂಕಿ ನೋಡುವ ಆಸೆ ಇರುವುದಿಲ್ಲ.

ಆ ಇಳಿಜಾರಿಗೆ ನಾನು ಹೋದದ್ದು ಎರಡು ವರ್ಷ ಕಳೆದ ಮೇಲೆ. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ಒಂದು ಗಂಟೆ ನಡೆಯಬೇಕು ಎಂದು ನಮ್ಮ ಬಡಾವಣೆಯ ಡಾಕ್ಟರು ಹೇಳಿದ್ದರು. ಹ್ಯಾರೋದ ನಮ್ಮ ಬೀದಿಯಲ್ಲಿ ನಡೆದರೆ ಎರಡು ಮನೆಗೊಬ್ಬರು ಪರಿಚಯದವರು ಸಿಗುತ್ತಾರೆ, ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹೋಟೆಲಿಗೆ ಹತ್ತು ಗಂಟೆಗೆ ಹೋದರೆ ಸಾಕಿತ್ತು. ಹಾಗಾಗಿ ಬೆಳಿಗ್ಗೆ ಬಸ್ಸು ಹತ್ತಿ ಸ್ಟ್ಯಾನ್ಮೋರಿನಲ್ಲಿ ಇಳಿದು ಗುಡ್ಡ ಹತ್ತತೊಡಗಿದೆ. ಇಳಿಜಾರು ಆಗಲೂ ಸುಟ್ಟ ಹಾಗೆಯೇ ಕಾಣುತ್ತಿತ್ತು. ಕಪ್ಪು ಬೊಡ್ಡೆಗಳು ಒಂದೂ ಎಲೆ ಇಲ್ಲದೆ ನಿಂತಿದ್ದವು. ಆದರೆ ಅವುಗಳ ಬುಡದಲ್ಲಿ ಸೊಂಟದೆತ್ತರಕ್ಕೆ ಹಸಿರು ಬಂದಿತ್ತು. ಜರಿಗಿಡ, ಬರ್ಚಿನ ಸಣ್ಣ ಸಸಿ, ಬೆಂಕಿ ಬಿದ್ದ ನೆಲದಲ್ಲಿ ಮೊದಲು ಏಳುವ ಒಂದು ನಸುಗೆಂಪು ಹೂವಿನ ಗಿಡ.

ಅಲ್ಲಿ ಜಿಂಕೆ ಇವೆ ಎಂದು ನನಗೆ ತೋರಿಸಿದವನು ಒಬ್ಬ ಧಾರವಾಡದವನು. ಅವನನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವನು, ಸ್ಟ್ಯಾನ್ಮೋರಿನಲ್ಲಿ ತೋಟವಿರುವ ಸ್ವಂತ ಮನೆ, ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ಆಗಷ್ಟೇ ನಿವೃತ್ತನಾಗಿದ್ದ. ಮೊದಲು ಪರಿಚಯವಾದದ್ದು ನಮ್ಮ ಹೋಟೆಲಿನಲ್ಲಿ. ಒಂದು ದಿನ ಅಡಿಗೆಮನೆಯ ಬಾಗಿಲಿಗೇ ಬಂದು, "ಈ ಸಾರು ಮಾಡಿದಾಂವ ಯಾರು? ಕುಂದಾಪುರದಾಂವ ಇರಬೇಕು ನೋಡ" ಅಂದಿದ್ದ. ಕುಂದಾಪುರದಿಂದ ಬಂದು ಹನ್ನೆರಡು ವರ್ಷ ಒಲೆಯ ಮುಂದೆ ನಿಂತ ನನ್ನನ್ನು ಅಲ್ಲಿಯವರೆಗೆ ಯಾರೂ ಹಾಗೆ ಹುಡುಕಿಕೊಂಡು ಬಂದಿರಲಿಲ್ಲ. ಆಮೇಲೆ ನಾನು ಈ ದೇಶದ ಪೌರತ್ವಕ್ಕೆ ಅರ್ಜಿ ಹಾಕುವಾಗ ಒಳ್ಳೆಯ ನಡತೆಯವನು ಎಂದು ಸಹಿ ಮಾಡುವವರು ಬೇಕಾಯಿತು. ಅವನು ಅರ್ಜಿಯನ್ನು ಪೂರ್ತಿ ಓದಲೂ ಇಲ್ಲ. "ಕೊಡಪಾ ಇಲ್ಲೆ" ಅಂದು ಸಹಿ ಹಾಕಿಬಿಟ್ಟ.

ಇಳಿಜಾರಿನಲ್ಲಿ ನಾವು ಅಕಸ್ಮಾತ್ತಾಗಿ ಸಿಕ್ಕಿದೆವು. ಅವನ ಕುತ್ತಿಗೆಯಲ್ಲಿ ಬೈನಾಕ್ಯುಲರ್ ಇತ್ತು. ನಾನು ಕೂಗಿ ಮಾತಾಡಿಸಲು ಹೋದೆ. ಅವನು ಬೆರಳನ್ನು ತುಟಿಗಿಟ್ಟು ಹತ್ತಿರ ಕರೆದ.

"ಸುಮ್ಮಕ ನಿಂದ್ರ ತಮ್ಮಾ. ಅಲ್ಲೆ ನೋಡ, ಆ ಎರಡು ಬೊಡ್ಡಿ ನಡುವ."

"ಎಂತ ಉಂಟು ಅಲ್ಲಿ? ನನಗೆ ಎಂತದೂ ಕಾಣುದಿಲ್ಲ."

"ಜಿಂಕಿ ಹುಡುಕಬ್ಯಾಡ. ಸುಟ್ಟ ಮರ ಎಲ್ಲಾ ನೆಟ್ಟಗ ನಿಂತಾವಲ್ಲ, ಅದರೊಳಗ ಅಡ್ಡ ಇರೋ ಗೆರಿ ಯಾವುದೈತಿ ನೋಡ. ಅಡ್ಡ ಇದ್ದದ್ದು ಬೆನ್ನು."

ನಾನು ಅಡ್ಡ ಗೆರೆ ಹುಡುಕಿದೆ. ಸ್ವಲ್ಪ ಹೊತ್ತಿಗೆ ಒಂದು ಕಿವಿ ಅಲ್ಲಾಡಿತು, ಅದರ ಹಿಂದೆಯೇ ಇಡೀ ಪ್ರಾಣಿ ಕಂಡಿತು. ಕಂದು ಮೈ, ಬೆನ್ನಿನ ಮೇಲೆ ಬಿಳಿ ಚುಕ್ಕೆ, ತಲೆ ಮೇಲೆ ಅಂಗೈ ಬಿಚ್ಚಿದ ಹಾಗೆ ಅಗಲವಾದ ಕೊಂಬು. ಅದು ಅಷ್ಟು ಹೊತ್ತೂ ಅಲ್ಲೇ ಇತ್ತು. ನನ್ನ ಕಣ್ಣೆದುರೇ ಇತ್ತು.

ಇದನ್ನೆಲ್ಲ ಅವನು ಕಲಿತದ್ದು ಅಮೆರಿಕದಲ್ಲಿ. ಕಂಪನಿಯವರು ಒಂದು ವರ್ಷ ಅವನನ್ನು ಕೊಲೊರಾಡೋಗೆ ಕಳಿಸಿದ್ದರು. ಅಲ್ಲಿ ಅವನ ಆಫೀಸಿನವರು ಪ್ರತಿ ಸೆಪ್ಟೆಂಬರಿನಲ್ಲಿ ಬಿಲ್ಲು ಹಿಡಿದು ಎಲ್ಕ್ ಬೇಟೆಗೆ ಹೋಗುತ್ತಿದ್ದರಂತೆ. ಎಲ್ಕ್ ಅಂದರೆ ಕುದುರೆಯಷ್ಟು ಎತ್ತರದ ಜಿಂಕೆ. ಬಂದೂಕಿನವರಿಗಿಂತ ಮೊದಲು ಬಿಲ್ಲಿನವರಿಗೆ ಕೆಲವು ವಾರ ಬಿಟ್ಟುಕೊಡುತ್ತಾರೆ. ಆಗಿನ್ನೂ ಬಿಸಿಲಿರುತ್ತದೆ, ಎಲ್ಕ್ ಮೇಲಿನ ಗುಡ್ಡಗಳಲ್ಲೇ ಇರುತ್ತವೆ. ಹಳೆಯ ಕಾಡ್ಗಿಚ್ಚು ಬಿದ್ದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಹೋಗುವುದು, ಹೊಸ ಚಿಗುರಿಗೆ ಅವು ಬಂದೇ ಬರುತ್ತವೆ, ಮರೆಯಿಲ್ಲದ್ದರಿಂದ ದೂರಕ್ಕೂ ಕಾಣುತ್ತವೆ. ಇಷ್ಟನ್ನು ಅವನು ನನಗೆ ಹತ್ತು ಸಲವಾದರೂ ಹೇಳಿರಬೇಕು. ಅವನು ಹುಟ್ಟಾ ಮಾಂಸ ಮುಟ್ಟದವನು. ಹಾಗಾದರೆ ಯಾಕೆ ಹೋದಿರಿ ಎಂದು ಕೇಳಿದ್ದಕ್ಕೆ, "ಎಲ್ಲಾರೂ ಹೊಂಟಿದ್ರು, ನಾನೂ ಹೋದೆ" ಅಂದಿದ್ದ.

ಒಂದು ಬೆಳಿಗ್ಗೆ ನೆಲಕ್ಕೆ ಬಿದ್ದ ಬೊಡ್ಡೆಯೊಂದರ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾಗ ಉಳಿದದ್ದನ್ನೂ ಹೇಳಿದ. ಬೇಟೆಗೆ ಹೋದ ಆರನೆಯ ದಿನ ಒಂದು ದೊಡ್ಡ ಎಲ್ಕ್ ಅವನಿಂದ ಇಪ್ಪತ್ತು ಹೆಜ್ಜೆ ದೂರಕ್ಕೆ ಬಂದು ನಿಂತಿತಂತೆ. ಬಿಲ್ಲು ಎಳೆದ. ಕೈ ನಡುಗಲು ಶುರುವಾಯಿತು. ಬಾಣ ಬಿಡಲಾಗಲಿಲ್ಲ, ಬಿಲ್ಲು ಇಳಿಸಲೂ ಆಗಲಿಲ್ಲ. ಎಲ್ಕ್ ಅವನನ್ನು ನೋಡಿ ನಿಧಾನಕ್ಕೆ ಹೊರಟುಹೋಯಿತು. ಹಿಂದೆ ನಿಂತಿದ್ದ ಆಫೀಸಿನವರು ನಕ್ಕರು.

"ಒಳ್ಳೇದೇ ಆಯ್ತಲ್ಲ ಅಣ್ಣ," ಅಂದೆ ನಾನು. "ಕೊಂದು ಎಂತ ಮಾಡ್ತಿದ್ರಿ?"

"ನಿನಗ ತಿಳಿಯೂದಿಲ್ಲ," ಅಂದು ಲೋಟದಲ್ಲಿ ಉಳಿದ ಚಹಾ ಚೆಲ್ಲಿದ.

ಲಂಡನ್ನಿಗೆ ವಾಪಸು ಬಂದ ಮೇಲೆ ಅವನು ಬಿಲ್ಲುಗಾರಿಕೆಯ ಕ್ಲಬ್ಬೊಂದಕ್ಕೆ ಸೇರಿದ್ದ. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿದ್ದ. ಹುಲ್ಲಿನ ಮೈದಾನ, ಆ ತುದಿಯಲ್ಲಿ ಬಣ್ಣದ ವೃತ್ತಗಳ ಗುರಿ, ಈ ತುದಿಯಲ್ಲಿ ಅಜ್ಜಂದಿರು, ಶಾಲೆಯ ಮಕ್ಕಳು. ಅವನ ಬಾಣಗಳು ಒಂದರ ಪಕ್ಕ ಒಂದು ಹೋಗಿ ನಡುವಿನ ಹಳದಿಗೇ ನೆಡುತ್ತಿದ್ದವು. ಬಾಣದ ಬಾಲಕ್ಕೆ ಗರಿಗಳನ್ನು ಅವನೇ ಮನೆಯಲ್ಲಿ ಕೂತು ಅಂಟಿಸುತ್ತಿದ್ದ, ಎರಡು ಬಿಳಿ, ಒಂದು ಕಿತ್ತಳೆ. ತೂಕ ನೋಡು ಎಂದು ಒಂದನ್ನು ನನ್ನ ಕೈಗೆ ಕೊಟ್ಟ. ಪೆನ್ಸಿಲಿನಷ್ಟು ಹಗುರವಿತ್ತು.

ಆ ಆಗಸ್ಟಿನಲ್ಲಿ ನಾವು ವಾರಕ್ಕೆ ಮೂರು ನಾಲ್ಕು ದಿನ ಇಳಿಜಾರಿಗೆ ಹೋದೆವು. ಅಲ್ಲಿ ನಮಗೆ ಪರಿಚಯವಾದವರು ಒಬ್ಬ ಇಂಗ್ಲಿಷ್ ಹೆಂಗಸು, ನಿವೃತ್ತ ಟೀಚರ್. ಆ ಕಾಡಿನ ಜಿಂಕೆಗಳ ಲೆಕ್ಕ ಇಡುವ ಸ್ವಯಂಸೇವಕಿ. ನಮ್ಮನ್ನು ಮೊದಲು ಅನುಮಾನದಿಂದ ನೋಡಿದ್ದರು, ಆಮೇಲೆ ಫೋನ್ ನಂಬರ್ ಕೊಟ್ಟು, ಎಷ್ಟು ಕಂಡವು, ಎಲ್ಲಿ ಕಂಡವು ಎಂದು ಮೆಸೇಜ್ ಮಾಡಲು ಹೇಳಿದ್ದರು. "ಹತ್ತಿರ ಹೋಗಬೇಡಿ, ತಿನ್ನಲು ಏನೂ ಕೊಡಬೇಡಿ. ನೀವು ಬರುವುದು ಅವಕ್ಕೆ ಅಭ್ಯಾಸವಾದರೆ ಆಮೇಲೆ ಯಾರು ಬಂದರೂ ಓಡುವುದಿಲ್ಲ," ಅಂದಿದ್ದರು. ನಾನು ಹತ್ತಿರ ಹೋಗಲಿಲ್ಲ. ಆದರೆ ದಿನಾ ಅದೇ ಜಾಗದಲ್ಲಿ ನಿಂತೆ. ಆ ದೊಡ್ಡ ಕೊಂಬಿನದು ನನ್ನನ್ನು ನೋಡಿಯೂ ಮೇಯುತ್ತಿತ್ತು.

ಅದು ಎಲ್ಲಿಂದ ಬರುತ್ತದೆ ಎನ್ನುವುದನ್ನು ಕಂಡುಹಿಡಿದವನು ನಾನೇ. ಇಳಿಜಾರಿನ ಕೆಳಗೆ ಮುರಿದ ತಂತಿಬೇಲಿ ಇತ್ತು, ಅದರ ಪಕ್ಕ ಅಡ್ಡ ಬಿದ್ದ ಓಕ್ ಮರ. ಎರಡರ ನಡುವೆ ಒಂದು ಆಳು ನುಸುಳುವಷ್ಟು ಸಂದು. ಬೆಳಕು ಹರಿಯುವ ಹೊತ್ತಿಗೆ ಅದು ಅಲ್ಲಿಂದಲೇ ಮೇಲೆ ಬರುತ್ತಿತ್ತು, ಬರುವ ಮೊದಲು ಒಂದು ಕ್ಷಣ ನಿಲ್ಲುತ್ತಿತ್ತು. ಅಣ್ಣ ಮೆಚ್ಚಿಕೊಳ್ಳುತ್ತಾನೆ ಎಂದು ಮರುದಿನವೇ ಅವನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನು ಓಕ್ ಮರದಿಂದ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಬಂದ. ನಾನು ಅದನ್ನು ನೋಡಿದೆ. ಎಂಜಿನಿಯರ್ ಅಲ್ಲವಾ, ಎಲ್ಲವನ್ನೂ ಅಳೆಯುವ ಅಭ್ಯಾಸ ಅಂದುಕೊಂಡೆ.

"ಭಾಳ ಚಲೋ ಜಾಗ ಹಿಡದಿ ತಮ್ಮಾ," ಅಂದ. ನನಗೆ ಖುಷಿಯಾಯಿತು.

ಅದಾದ ಮೇಲೆ ಮೊಣಕಾಲು ನೋವು ಎಂದು ಹೇಳಿ ಅವನು ಬರುವುದನ್ನು ನಿಲ್ಲಿಸಿದ. ನನಗೂ ಎರಡು ದಿನ ಮದುವೆಯ ಆರ್ಡರ್ ಇದ್ದು ಹೋಗಲಾಗಲಿಲ್ಲ. ಮೂರನೆಯ ಬೆಳಿಗ್ಗೆ ಹೋದೆ. ಸೆಪ್ಟೆಂಬರಿನ ಮೊದಲ ವಾರ, ತಣ್ಣಗೆ ಮಂಜು ಇತ್ತು. ಬೇಲಿಯ ಸಂದಿನಲ್ಲಿ ಏನೂ ಬರಲಿಲ್ಲ. ಅರ್ಧ ಗಂಟೆ ಕಾದು ಕೆಳಗಿಳಿದೆ. ಓಕ್ ಮರದ ಆಚೆ ಜರಿಗಿಡದ ಎಲೆಗಳ ಮೇಲೆ ಕಪ್ಪು ಕಲೆ ಕಂಡಿತು. ಒಣಗಿದ ಚಟ್ನಿಯ ಹಾಗೆ ಇತ್ತು. ಬೆರಳಿಗೆ ತಾಗಿಸಿ ಮೂಸಿದ ಮೇಲೆ ರಕ್ತ ಎಂದು ಗೊತ್ತಾಯಿತು.

ಕಲೆಗಳ ಹಿಂದೆ ಹೋದೆ. ಇಪ್ಪತ್ತು ಹೆಜ್ಜೆಗೊಂದು, ಮೂವತ್ತು ಹೆಜ್ಜೆಗೊಂದು. ಕೊನೆಗೆ ಒಂದು ಒಣ ಚರಂಡಿಯ ಅಂಚಿಗೆ ಬಂದೆ. ಜಿಂಕೆ ಅದರೊಳಗೆ ಮಲಗಿತ್ತು. ಸತ್ತಿದೆ ಅಂದುಕೊಂಡೆ. ಹೊಟ್ಟೆ ಏರಿ ಇಳಿಯಿತು. ಹೊಟ್ಟೆಯ ಹಿಂಭಾಗದಲ್ಲಿ ಬಾಣ ಚುಚ್ಚಿಕೊಂಡು ಅರ್ಧ ಹೊರಗೆ ನಿಂತಿತ್ತು. ಅದರ ಸುತ್ತ ನೊಣ ಮುತ್ತಿದ್ದವು. ನನ್ನನ್ನು ಕಂಡು ಅದು ಏಳಲು ನೋಡಿತು. ಮುಂಗಾಲು ಮಾತ್ರ ಎದ್ದವು. ಗಂಟಲಿನಿಂದ ಒಂದು ಸದ್ದು ಬಂತು, ನಾನು ಅಂಥ ಸದ್ದು ಅದಕ್ಕೆ ಮೊದಲು ಕೇಳಿರಲಿಲ್ಲ.

ಬಾಣದ ಬಾಲದಲ್ಲಿ ಎರಡು ಬಿಳಿ ಗರಿ, ಒಂದು ಕಿತ್ತಳೆ.

ಟೀಚರಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ಈಗ ನೆನಪಿಲ್ಲ, ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಹದಿನೈದು ನಿಮಿಷದಲ್ಲಿ ರಾತ್ರಿಯ ಉಡುಪಿನ ಮೇಲೆ ಕೋಟು ಹಾಕಿಕೊಂಡು ಅವರು ಬಂದರು. ಒಂದು ಸಲ ಬಗ್ಗಿ ನೋಡಿ, ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. "ಅದಕ್ಕೆ ನಾವು ಕಾಣದ ಹಾಗೆ ಕೂರೋಣ. ನಮ್ಮನ್ನು ನೋಡಿ ಏಳಲು ಹೋದರೆ ಅದಕ್ಕೆ ಇನ್ನಷ್ಟು ನೋವು," ಅಂದರು. ಬಂದೂಕಿನ ಪರವಾನಗಿ ಇರುವವನೊಬ್ಬನಿಗೆ ಹೇಳಿ ಕಳಿಸಿದ್ದರು. ಅವನು ದೂರದಿಂದ ಬರಬೇಕಿತ್ತು. ನಲವತ್ತು ನಿಮಿಷ ನಾವು ಬೊಡ್ಡೆಯೊಂದರ ಹಿಂದೆ ಒದ್ದೆ ನೆಲದಲ್ಲಿ ಕೂತೆವು. ಚರಂಡಿಯಿಂದ ಆಗಾಗ ಸದ್ದು ಬರುತ್ತಿತ್ತು. ಅದು ನಿಂತರೆ ಸಾಕು ಅನಿಸುತ್ತಿತ್ತು, ನಿಂತಾಗ ಇನ್ನೂ ಹೆದರಿಕೆಯಾಗುತ್ತಿತ್ತು.

ಬಂದೂಕಿನವನು ಬಂದ, ಚರಂಡಿಯ ಕಡೆ ಹೋದ, ಒಂದೇ ಗುಂಡು. ವಾಪಸು ಬಂದು ಟೀಚರಿಗೆ ಹೇಳಿದ, "ನಿನ್ನೆ ಬೆಳಿಗ್ಗೆಯದು. ಕರುಳಿಗೆ ಬಿದ್ದಿದೆ. ಪಾಪದ ಪ್ರಾಣಿ ಹಗಲು ರಾತ್ರಿ ಹೀಗೇ ಬಿದ್ದುಕೊಂಡಿತ್ತು." ಟೀಚರು ಅಳಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಗೆಳೆಯರು ಇವತ್ತು ಬಂದಿಲ್ಲವಾ?" ಎಂದು ಕೇಳಿದರು. ಮೊಣಕಾಲು ನೋವು ಅಂದೆ.

ಪೊಲೀಸಿನವಳು ಬಂದಾಗ ಒಂಬತ್ತಾಗಿತ್ತು. ಈ ದೇಶದಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯುವುದು ಅಪರಾಧ, ನಿಮಗೆ ಗೊತ್ತಿದೆಯಾ ಎಂದು ಕೇಳಿದಳು. ಗೊತ್ತಿದೆ ಅಂದೆ.

"ಬಿಲ್ಲು ಇಟ್ಟುಕೊಂಡವರು ಯಾರಾದರೂ ನಿಮಗೆ ಪರಿಚಯವೇ?"

"ಇಲ್ಲ."

ಆ ಮಾತು ಬಾಯಿಯಿಂದ ಬಂದ ವೇಗಕ್ಕೆ ನನಗೇ ಆಶ್ಚರ್ಯವಾಯಿತು. ಅವಳು ಬರೆದುಕೊಂಡಳು. ಹೋಟೆಲಿಗೆ ಹೋಗಿ ಆ ದಿನದ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಾಲೀಕರು ಬೈದರು.

ಮರುದಿನ ನನಗೆ ರಜೆ. ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದರು. "ಬರ್ರಿ ಬರ್ರಿ. ಎರಡು ದಿನದಿಂದ ಸರಿಯಾಗಿ ಊಟಾನೂ ಮಾಡವಲ್ರು, ನೀವಾರ ಕೇಳ್ರಿ," ಅಂದು ಚಹಾಕ್ಕೆ ನೀರಿಡಲು ಒಳಗೆ ಹೋದರು. ಅವನು ಹಿಂದಿನ ತೋಟದ ಕುರ್ಚಿಯಲ್ಲಿ ಕೂತಿದ್ದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಸಿಕ್ತಾ?" ಅಂದ.

"ಸಿಕ್ಕಿತು ಅಣ್ಣ. ಚರಂಡಿಯಲ್ಲಿ."

"ಲಗೂನ ಸತ್ತಿರಬೇಕು ಅಂದ್ಕೊಂಡಿದ್ದೆ. ಒಂದು ತಾಸು ಹುಡುಕಿದೆ ನಾನು. ಮಂದಿ ನಾಯಿ ಕರ್ಕೊಂಡು ಅಡ್ಡಾಡಾಕ ಬರೂ ಹೊತ್ತಾತು, ಬಂದುಬಿಟ್ಟೆ."

"ಸತ್ತಿರಲಿಲ್ಲ. ಒಂದು ದಿನ, ಒಂದು ರಾತ್ರಿ ಜೀವ ಇತ್ತು. ನಾನು ಹೋಗುವಾಗಲೂ ಇತ್ತು."

ಅತ್ತಿಗೆ ಚಹಾ, ಅವಲಕ್ಕಿ ತಂದಿಟ್ಟು ಹೋದರು. ಅವರು ಒಳಗೆ ಹೋಗುವವರೆಗೆ ಇಬ್ಬರೂ ಹುಲ್ಲು ನೋಡುತ್ತ ಕೂತೆವು.

"ಯಾಕೆ ಅಣ್ಣ? ನೀವು ತಿನ್ನುವವರೂ ಅಲ್ಲ."

"ಈ ಸಲ ಕೈ ನಡುಗಲಿಲ್ಲ," ಅಂದ. ಅದನ್ನು ಹೇಳುವಾಗ ಅವನ ಧ್ವನಿಯಲ್ಲಿ ನಾಚಿಕೆ ಇರಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಅದೇ. "ಒಂದು ಸಲ, ಒಂದೇ ಒಂದು ಸಲ ನನ್ನ ಕೈಲೇ ಆಗತೈತೋ ಇಲ್ಲೋ ನೋಡಬೇಕಿತ್ತು. ಬಿಡೂ ಹೊತ್ತಿಗೆ ಅದು ಒಂದು ಹೆಜ್ಜಿ ಮುಂದ ಇಟ್ಟತು. ಅಷ್ಟ."

"ನೀವೇ ಪೊಲೀಸರ ಹತ್ರ ಹೋಗಿ ಹೇಳಿ. ನನಗೆ ಕೇಳಿದ್ರು, ಗೊತ್ತಿಲ್ಲ ಅಂತ ಹೇಳಿ ಬಂದಿದ್ದೇನೆ."

"ಹಂಗಾದ್ರ ಮುಗೀತಲ್ಲ." ಆಮೇಲೆ ಜಗಳದ ಧ್ವನಿಯಲ್ಲಲ್ಲ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ, "ಜಾಗ ತೋರಿಸಿದಾಂವ ನೀನ ಅಲ್ಲೇನೋ ತಮ್ಮಾ."

ನಾನು ಎದ್ದೆ. ನಾಲ್ಕು ದಿನ ಸಮಯ ಕೊಡುತ್ತೇನೆ, ಆಮೇಲೆ ನಾನೇ ಹೇಳುತ್ತೇನೆ ಅಂದೆ. ಅವನು ನನ್ನ ಅರ್ಜಿಗೆ ಹಾಕಿದ ಸಹಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಬಹುಶಃ ಸುಮ್ಮನಾಗುತ್ತಿದ್ದೆ.

ನಾಲ್ಕು ದಿನವೂ ಅವನ ಫೋನ್ ಬರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. "ನಿಮಗೆ ಹೆಂಗೆ ಸರಿ ಕಾಣ್ತದೋ ಹಂಗೆ ಮಾಡಿ. ಮಾಡಿದ ಮೇಲೆ ಮಾತ್ರ ನನ್ನ ಹತ್ರ ಸರಿಯಾಯ್ತಾ ಅಂತ ಕೇಳ್ಬೇಡಿ," ಅಂದಳು. ಐದನೆಯ ಬೆಳಿಗ್ಗೆ ಟೀಚರ ಮನೆಗೆ ಹೋಗಿ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದೆ. ಮೊದಲು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು, "ಆ ಗರಿಗಳನ್ನು ನೋಡಿದಾಗಲೇ ನಿಮಗೆ ಗೊತ್ತಿತ್ತು," ಅಂದರು. ಅದು ಪ್ರಶ್ನೆಯಾಗಿರಲಿಲ್ಲ. ತಮ್ಮ ಕಾರಿನಲ್ಲೇ ನನ್ನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು.

ಅಣ್ಣ ಎಲ್ಲವನ್ನೂ ಒಪ್ಪಿಕೊಂಡ. ಪೊಲೀಸರು ಬಿಲ್ಲು ತೆಗೆದುಕೊಂಡು ಹೋದರು, ಕ್ಲಬ್ಬಿನವರು ಹೆಸರು ಹೊಡೆದುಹಾಕಿದರು. ಕೋರ್ಟಿನಲ್ಲಿ ಶಿಕ್ಷೆಯಾಯಿತು, ಜೈಲಲ್ಲ. ಲೋಕಲ್ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಆ ಫೋಟೋ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಾರ ತಿರುಗಿತು.

ಇಲ್ಲಿಯ ಕನ್ನಡದವರ ನವರಾತ್ರಿಯ ಊಟಕ್ಕೆ ಬಡಿಸಲು ಹೋದಾಗ ನನಗೆ ಅದರ ಬಿಸಿ ತಟ್ಟಿತು. ಸಾಲಿನಲ್ಲಿ ಕೂತ ಒಬ್ಬರು, ಬೆಂಗಳೂರಿನವರು, ಕೋಸಂಬರಿ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರು. "ಒಂದು ಜಿಂಕೆಗೋಸ್ಕರ ನಮ್ಮವರನ್ನೇ ಹಿಡಿದುಕೊಟ್ರಲ್ಲ ಸಾರ್ ನೀವು. ಇಲ್ಲಿಯವರು ವರ್ಷಕ್ಕೆ ಎಷ್ಟು ಜಿಂಕೆ ಹೊಡೀತಾರೆ ಗೊತ್ತಾ?" ಅಂದರು. ಗೊತ್ತು. ಜಿಂಕೆಗಳ ಸಂಖ್ಯೆ ಹೆಚ್ಚಾದರೆ ಬಂದೂಕಿನಲ್ಲಿ ಹೊಡೆಯುತ್ತಾರೆ, ಟೀಚರೇ ಹೇಳಿದ್ದರು. ಆ ಚರಂಡಿಯ ಸದ್ದನ್ನು ಅವರು ಕೇಳಿರಲಿಲ್ಲ. ಮುಂದಿನ ಎಲೆಗೆ ಹೋದೆ. ಅಲ್ಲಿ ಕೂತಿದ್ದವರು ಬಡಿಸಿಕೊಂಡರು, ಆದರೆ ತಲೆ ಎತ್ತಲಿಲ್ಲ.

ನಾನು ಆ ಗುಡ್ಡಕ್ಕೆ ಹೋಗುವುದನ್ನು ಬಿಟ್ಟೆ. ಟೀಚರು ಚಳಿಗಾಲದಲ್ಲಿ ಒಂದು ಮೆಸೇಜ್ ಕಳಿಸಿದ್ದರು. ಜಿಂಕೆಗಳು ಇಳಿಜಾರು ಬಿಟ್ಟು ರಸ್ತೆಯ ಆಚೆಗೆ ಹೋಗಿವೆ, ಎರಡು ಕಾರಿಗೆ ಸಿಕ್ಕಿ ಸತ್ತವು ಎಂದಿತ್ತು. ಓದಿ, ಫೋನನ್ನು ಜೇಬಿಗೆ ಹಾಕಿ ದೋಸೆ ಹೊಯ್ಯಲು ಹೋದೆ.

ಕಳೆದ ತಿಂಗಳು ಮಧ್ಯಾಹ್ನದ ಗಲಾಟೆ ಮುಗಿದ ಹೊತ್ತಿಗೆ ಅತ್ತಿಗೆ ಹೋಟೆಲಿಗೆ ಬಂದರು. ಊಟಕ್ಕಲ್ಲ. ಮೂಲೆಯ ಟೇಬಲಿನಲ್ಲಿ ಕೋಟು ತೆಗೆಯದೆ ಕೂತರು. ನಾನು ಕೈ ಒರೆಸಿಕೊಂಡು ಹೋಗಿ ಎದುರು ನಿಂತೆ. ಬೈಯಲು ಬಂದಿದ್ದಾರೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಮನಿ ಬಿಟ್ಟು ಹೊರಗ ಬರವಲ್ರು," ಅಂದರು. "ಪರದೆ ಸೈತ ತಗ್ಯಾಕ ಬಿಡೂದಿಲ್ಲ. ಮಗಳು ಡಾಕ್ಟರ್ ಕಡೆ ಕರದ್ರ ಬೈತಾರ. ನಿಮ್ಮ ಮ್ಯಾಲ ಸಿಟ್ಟಿಲ್ರಿ ಅವರಿಗೆ. ನೀವು ಬಂದು ಕರದ್ರ ಅಡ್ಡಾಡಾಕ ಬಂದಾರು ಅಂತ ನನಗ ಅನಸ್ತೈತಿ."

"ಬರ್ತೇನೆ ಅತ್ತಿಗೆ," ಅಂದೆ.

"ಈ ವಾರದಾಗ?"

"ಈ ವಾರ ಬರ್ತೇನೆ."

ಅವರು ನನ್ನ ಕೈ ಹಿಡಿದುಕೊಂಡರು. ಕಾಫಿ ಕೊಡುತ್ತೇನೆ ಎಂದರೆ ಬೇಡ ಎಂದು ಎದ್ದು ಹೋದರು. ಐದು ವಾರವಾಯಿತು. ಬಸ್ಸು ಹತ್ತಿ ಅವರ ಬೀದಿಯ ತುದಿಯವರೆಗೆ ಎರಡು ಸಲ ಹೋಗಿದ್ದೇನೆ. ಮುಚ್ಚಿದ ಪರದೆ ಅಲ್ಲಿಂದಲೇ ಕಾಣುತ್ತದೆ. ಎರಡು ಸಲವೂ ಸ್ವಲ್ಪ ಹೊತ್ತು ನಿಂತು, ಕೆಲಸಕ್ಕೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದಿದ್ದೇನೆ.